ಮೂರನೆಯ ಸಲ ಕೇಳಿದಾಗ

ವಿಲೋ ಬ್ಲಫ್, ಸಸ್ಕಾಚವಾನ್
11 ಫೆಬ್ರವರಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಟೀನಾ,

ನೀನು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನಮ್ಮೂರಿನವರ ಮಾತಿನಲ್ಲಿ ಹೇಳುವುದಾದರೆ, ದೂರುವುದಕ್ಕೇನೂ ಇಲ್ಲ. ಹದಿನಾಲ್ಕು ತಿಂಗಳು ಒಂದು ಸಾಲೂ ಬರೆಯದವಳು ಈಗ ಏಕಾಏಕಿ ಇಷ್ಟು ದಪ್ಪ ಲಕೋಟೆ ಕಳಿಸಿದ್ದಾಳಲ್ಲ ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸುದ್ದಿ ಹೆಚ್ಚಿದೆ ಎಂದಲ್ಲ. ನಿನ್ನ ಕಣ್ಣಿಗೆ ಕಾಣಲಿ ಎಂದು ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬರೆಯುತ್ತಿದ್ದೇನೆ, ಪುಟಕ್ಕೆ ಹತ್ತೇ ಸಾಲು ಹಿಡಿಸುತ್ತದೆ. ಆದ್ದರಿಂದ ಇದನ್ನು ಲೋರ್ನಾ ಕೈಯಲ್ಲಿ ಓದಿಸಬೇಡ. ನಿನ್ನ ಅಣ್ಣನ ಮಗಳು ಒಳ್ಳೆಯವಳೇ, ಆದರೆ ಅವಳು ಓದಿದರೆ ನನ್ನ ಮಾತೆಲ್ಲ ಬ್ಯಾಂಕಿನವರು ಕಳಿಸಿದ ನೋಟೀಸಿನಂತೆ ಕೇಳಿಸುತ್ತದೆ.

ತಡವಾಗಿದ್ದಕ್ಕೆ ಕ್ಷಮಿಸು. ಎರಡು ಕ್ರಿಸ್‌ಮಸ್‌ಗೂ ಕಾರ್ಡು ಕೊಂಡಿದ್ದೆ. ಎರಡರಲ್ಲೂ ‘ಪ್ರೀತಿಯ ಟೀನಾ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದೆ. ಅವು ಇನ್ನೂ ಫ್ರಿಜ್ಜಿನ ಮೇಲೆಯೇ ಇವೆ. ನೀನೂ ಬರೆಯಲಿಲ್ಲ, ಆದರೆ ನಿನಗೆ ಕಣ್ಣಿನ ನೆಪವಾದರೂ ಇದೆ.

ಊರು ಬೆಳೆಯುತ್ತಲೇ ಇದೆ. ನೀನು ಹೋಗುವಾಗ ಏಳು ಸಾವಿರ ಜನ, ಈಗ ಒಂಬತ್ತು ಸಾವಿರ ಎನ್ನುತ್ತಾರೆ. ಒಂಬತ್ತು ಸಾವಿರದಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವವರು ಹನ್ನೊಂದು ಮಂದಿ. ನಿಮ್ಮ ಮನೆಯ ಹಿಂದಿದ್ದ ಪಾಪ್ಲರ್ ತೋಪನ್ನು ಕಡಿದು ಹಾಕಿ, ಆ ಬೀದಿಗೆ ಪಾಪ್ಲರ್ ತೋಪಿನ ಬೀದಿ ಎಂದು ಹೆಸರಿಟ್ಟಿದ್ದಾರೆ. ಮಳೆನೀರು ಇಂಗಲಿ ಎಂದು ಒಂದು ಕೆರೆ ತೋಡಿದ್ದಾರೆ, ಅದರ ಸುತ್ತ ಬೆಂಚುಗಳಿವೆ, ‘ಸುಸ್ಥಿರ ನಾಳೆಗಾಗಿ’ ಎಂಬ ಫಲಕವಿದೆ. ಬೆಂಚಿನ ಮೇಲೆ ಹಿಮ ಕೂತಿರುತ್ತದೆ, ಮನುಷ್ಯರು ಕೂತದ್ದನ್ನು ನಾನು ನೋಡಿಲ್ಲ. ಹೊಸ ಮನೆಗಳವರು ಕೆಟ್ಟವರೇನಲ್ಲ. ಕಾರಿನಲ್ಲಿ ಕೂತೇ ಗುಂಡಿ ಒತ್ತುತ್ತಾರೆ, ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಎದುರು ಮನೆಯಾಕೆಯ ಮುಖ ಹೇಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವಳ ಕಾರಿನ ಹಿಂಬದಿಯ ದೀಪ ಮಾತ್ರ ಚೆನ್ನಾಗಿ ಗೊತ್ತು.

ಅಕ್ಟೋಬರಿನಲ್ಲಿ ಚರ್ಚಿನ ಕೋಳಿಯೂಟ ನಡೆಯಿತು. ಪೆರೋಗಿ ಕಡುಬಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತಲು ನಾವು ನಾಲ್ಕೇ ಜನ. ಅವತ್ತು ಒಂದು ಸೋಜಿಗ ನಡೆಯಿತು, ಅದನ್ನು ಹೇಳಲೇಬೇಕು. ಪುರಸಭೆಯಲ್ಲಿ ನಿನ್ನ ಕುರ್ಚಿಗೆ ಆರಿಸಿ ಬಂದಿರುವವನು ಎಫ್ರೆನ್ ಡಿಝೋನ್, ಫಿಲಿಪ್ಪೀನ್ಸಿನ ಕಡೆಯವನು, ವೃದ್ಧರ ಆರೈಕೆ ಮನೆಯಲ್ಲಿ ನರ್ಸು. ಮೇಜಿನ ನಡುವೆ ತಟ್ಟೆಯಲ್ಲಿ ಕೊನೆಯ ಒಂದು ಪೆರೋಗಿ ಉಳಿದಿತ್ತು. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ: ಕೊನೆಯ ತುಂಡಿಗೆ ಯಾರೂ ಕೈ ಹಾಕುವುದಿಲ್ಲ. ನೀವು ತಗೊಳ್ಳಿ ಎಂದು ಒಬ್ಬರು ಮೂರು ಸಲ ಹೇಳಬೇಕು, ಇನ್ನೊಬ್ಬರು ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಒಪ್ಪಬೇಕು. ಅಷ್ಟು ಹೊತ್ತಿಗೆ ಅದು ತಣ್ಣಗಾಗಿ ಕಲ್ಲಾಗಿರುತ್ತದೆ. ಎಫ್ರೆನ್ ಸುತ್ತ ಒಮ್ಮೆ ನೋಡಿದ, “ಯಾರಿಗೂ ಬೇಡ್ವಾ? ಸರಿ ಹಾಗಾದ್ರೆ,” ಎಂದು ಬಾಯಿಗೆ ಹಾಕಿಕೊಂಡ. ಮೇಜಿನ ಸುತ್ತ ಇದ್ದವರೆಲ್ಲ ಅವನನ್ನೇ ನೋಡಿದರು. ಅವನ ಹೆಂಡತಿ ಹುಬ್ಬು ಕುಣಿಸಿದಳು. “ಯಾಕೆ, ಅದನ್ನ ಪೂಜೆಗೆ ಇಟ್ಟಿದ್ರಾ?” ಎಂದ ಪುಣ್ಯಾತ್ಮ.

ಈ ಪೆರೋಗಿಯ ಕಥೆ ಸುಮ್ಮನೆ ಹೇಳುತ್ತಿಲ್ಲ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೋ. ನನಗೇ ಅದನ್ನು ಮೊದಲಿನಿಂದ ನೆನೆಯಬೇಕಾಗಿದೆ.

ಎರಡು ವರ್ಷದ ಹಿಂದೆ ನಗರದವರೂ ಸುತ್ತಲಿನ ಪಟ್ಟಣಗಳವರೂ ಸೇರಿ ಮಾಡಿದ ಪ್ರಾದೇಶಿಕ ಯೋಜನೆಗೆ ಮೊದಲು ‘ನೆಮ್ಮದಿ ಸಮೀಕ್ಷೆ’ ಅಂತ ಮಾಡಿದರಲ್ಲ. ಯೋಜನಾ ಕಚೇರಿಯ ಹುಡುಗಿ ಕೆಂಡ್ರಾ ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಬಂದಳು. ನಿಮಗೆ ಏನಾದರೂ ತೊಂದರೆಯಿದೆಯೇ? ದೂರೋಕೇನಿಲ್ಲಮ್ಮ. ಓಡಾಟಕ್ಕೆ ಕಷ್ಟವೇ? ಹೇಗೋ ನಡೆಯುತ್ತೆ. ಆಪತ್ತಿನಲ್ಲಿ ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬಂದು ನಿಲ್ಲುವವರು ಎಷ್ಟು ಜನ? ನಾನು ಎಂಟು ಎಂದೆ. ಅದರಲ್ಲಿ ಒಬ್ಬ ಓರೆಸ್ಟ್, ಅವನು ಸತ್ತು ಆಗಲೇ ಎಂಟು ತಿಂಗಳಾಗಿತ್ತು. ಗಂಡನನ್ನು ಲೆಕ್ಕದಿಂದ ತೆಗೆಯಲು ನಾಲಿಗೆ ಏಳಲಿಲ್ಲ. ನೀನು ಹನ್ನೆರಡು ಎಂದೆಯಂತೆ. ಊರಿಗೆ ಊರೇ ಹೀಗೆ ಹೇಳಿತು. ಕಷ್ಟ ಇದೆ ಎಂದು ಹೊರಗಿನವರ ಮುಂದೆ ಹೇಳುವುದು ನಮಗೆ ಬಟ್ಟೆ ಬಿಚ್ಚಿ ನಿಂತ ಹಾಗೆ.

ಫಲಿತಾಂಶ ಬಂತು: ಇಡೀ ಪ್ರದೇಶದಲ್ಲಿ ಅತಿ ಹೆಚ್ಚು ನೆಮ್ಮದಿಯ ಊರು ವಿಲೋ ಬ್ಲಫ್. ಮೇಯರ್ ಗಾರ್ತ್ ಕೇಕು ಕತ್ತರಿಸಿದ. ಕೊನೆಯ ತುಂಡು ತಟ್ಟೆಯಲ್ಲೇ ಒಣಗಿತು. ಮೂರು ತಿಂಗಳಿಗೆ ವರದಿ ಬಂತು, ಅದರಲ್ಲಿ ಒಂದು ಸಾಲು: ‘ಈ ಪಟ್ಟಣದ ನಿವಾಸಿಗಳಿಗೆ ನೆರೆಹೊರೆಯ ಬಲ ಹೇರಳವಾಗಿರುವುದರಿಂದ ಮನೆಬಾಗಿಲಿನ ವ್ಯಾನು ಸೇವೆ ಅಗತ್ಯವಿಲ್ಲ.’ ಫೋನ್ ಮಾಡಿದರೆ ಬಾಗಿಲಿಗೆ ಬರುತ್ತಿದ್ದ ನಮ್ಮ ಬಿಳಿ ವ್ಯಾನನ್ನು ನಿಲ್ಲಿಸಿ, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷಕ್ಕೊಂದು ವೇಗದ ಬಸ್ಸು ಬಿಡುವುದೆಂದು ತೀರ್ಮಾನವಾಯಿತು. ಹೊಗೆ ಕಡಿಮೆ, ಕಾರು ಕಡಿಮೆ, ನಗರಕ್ಕೆ ಹದಿನೆಂಟೇ ನಿಮಿಷ. ಒಳ್ಳೆಯ ಬಸ್ಸೇ, ಸುಳ್ಳು ಹೇಳಬಾರದು. ಆದರೆ ನಿಲ್ದಾಣ ಇರುವುದು ವೃತ್ತದ ಆಚೆ, ನಮ್ಮ ಹಳೇ ಬೀದಿಯಿಂದ ಒಂದೂವರೆ ಕಿಲೋಮೀಟರು, ನಡೆಯಲು ಕಾಲುದಾರಿಯೂ ಇಲ್ಲ.

ಸೆಪ್ಟೆಂಬರಿನ ಸಭೆಯಲ್ಲಿ ನೀನು ಎದ್ದು ನಿಂತೆ. ಕಾಲುದಾರಿ ಆಗುವವರೆಗಾದರೂ ವ್ಯಾನು ಓಡಲಿ ಎಂದು ಗೊತ್ತುವಳಿ ಮಂಡಿಸಿದೆ. ನಿನ್ನ ಹಸಿರು ಸ್ವೆಟರ್ ಕೂಡ ನೆನಪಿದೆ. ನೀನು ಕಾರು ಮಾರಿ ಆಗ ಎರಡು ತಿಂಗಳಾಗಿತ್ತು, ಊರಿಗೆ ಮಾದರಿಯಾಗಲಿ, ಪರಿಸರಕ್ಕೆ ನನ್ನ ಪಾಲು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. “ಇದು ನನಗೋಸ್ಕರ ಅಲ್ಲ, ವಯಸ್ಸಾದೋರಿಗೆ,” ಎಂದೆ. ಎಪ್ಪತ್ತಮೂರು ವರ್ಷದವಳು. ಗಾರ್ತ್ ಕನ್ನಡಕದ ಮೇಲಿಂದ ನೋಡುತ್ತ, “ಅನುಮೋದಿಸೋರು ಯಾರಾದ್ರೂ ಇದ್ದೀರಾ?” ಎಂದು ಕೇಳಿದ.

ನೀನು ನನ್ನ ಕಡೆ ತಿರುಗಿದೆ. ಸದಸ್ಯರು ಆರು ಜನ ಕೂತಿದ್ದೆವು. ಗೋಡೆ ಗಡಿಯಾರ ಬಿಟ್ಟರೆ ಬೇರೆ ಸದ್ದಿಲ್ಲ. ಗಾರ್ತ್ ಎರಡನೆಯ ಸಲ ಕೇಳಿದ. ಮೂರನೆಯ ಸಲ ಕೇಳಬೇಕೆಂದು ನಿಯಮ ಪುಸ್ತಕದಲ್ಲಿಲ್ಲ. ಅನುಮೋದಕರಿಲ್ಲದ ಕಾರಣ ಗೊತ್ತುವಳಿ ಬಿದ್ದುಹೋಗಿದೆ, ಮುಂದಿನ ವಿಷಯ, ನಾಯಿ ಪರವಾನಗಿ. ಮತಕ್ಕೆ ಹಾಕಲೂ ಇಲ್ಲ, ಚರ್ಚೆಯೂ ಇಲ್ಲ. ಹೊರಗೆ ಕೋಟು ಹಾಕಿಕೊಳ್ಳುವಾಗ ಒಬ್ಬೊಬ್ಬರೂ ಅದನ್ನೇ ಹೇಳಿದರು: “ನಾನು ಕೈ ಎತ್ತೋನೇ ಇದ್ದೆ, ಬೇರೆ ಯಾರೋ ಎತ್ತುತ್ತಾರೆ ಅಂದ್ಕೊಂಡೆ.” “ನೀನು ಎತ್ತುತ್ತೀಯ ಅಂತ ಬಿಟ್ಟೆ ಲಿಯೋನಾ.” ನಾನೂ ಹಾಗೇ ಹೇಳಿದೆ. ಕೊನೆಯ ಪೆರೋಗಿಯ ಹಾಗೇ ಆಯಿತು ನೋಡು ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದೇನೆ, ಜನ ನಕ್ಕಿದ್ದಾರೆ.

ಅಕ್ಟೋಬರಿನ ಕೊನೆಗೆ ವ್ಯಾನು ನಿಂತಿತು. ಡಿಸೆಂಬರಿನಲ್ಲಿ ನೀನು ಮನೆ ಮಾರಿ ಮೆಡಿಸಿನ್ ಹ್ಯಾಟ್‌ಗೆ, ಲೋರ್ನಾಳ ನೆಲಮಾಳಿಗೆಗೆ ಹೊರಟೆ. ಆಗಲೇ ಎಲ್ಲರಿಗೂ ಗೊತ್ತಾದದ್ದು, ಕಾರು ಮಾರಿದ್ದು ಪರಿಸರಕ್ಕಲ್ಲ, ಕಣ್ಣಿನ ನಡುವಿನ ದೃಷ್ಟಿ ಹೋಗುತ್ತಿದೆ ಎಂದು. ನಲವತ್ತೊಂದು ವರ್ಷದ ಗೆಳತಿ ನನಗೂ ಬಾಯಿ ಬಿಡಲಿಲ್ಲ ಎಂದು ಊರೆಲ್ಲ ನನ್ನ ಮೇಲೆ ಕನಿಕರಪಟ್ಟಿತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಜನವರಿ ಒಂಬತ್ತರಂದು ಬಿದ್ದೆ. ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ. ಮೈನಸ್ ಮೂವತ್ತೊಂದು. ಬೆಳಿಗ್ಗೆ ಹನ್ನೊಂದಕ್ಕೆ ಕಾರಿನ ಇಂಜಿನ್ ಬಿಸಿ ಮಾಡುವ ವೈರು ತೆಗೆಯಲು ಹೋದವಳು ಮಂಜುಗಡ್ಡೆಯ ಮೇಲೆ ಜಾರಿ ಅಂಗಾತ ಮಲಗಿದೆ. ಬಿಸಿಲು ಚೆನ್ನಾಗಿತ್ತು. ಎದುರು ಮನೆಯ ಕಾರು ಬಂತು, ಗ್ಯಾರೇಜು ಎದ್ದಿತು, ಇಳಿಯಿತು. ನಾನು ಹಿಮದ ರಾಶಿಯ ಹಿಂದಿದ್ದೆ, ಅವಳಿಗೆ ಕಂಡಿರಲಾರದು. ಫೋನು ಕೋಟಿನ ಜೇಬಿನಲ್ಲೇ ಇತ್ತು. ಕೈಗವಸು ಕಿತ್ತು ಹೆಸರುಗಳನ್ನು ಒಂದೊಂದಾಗಿ ನೋಡಿದೆ. ಇವರು ಫ್ಲಾರಿಡಾಕ್ಕೆ ಹೋಗಿದ್ದಾರೆ, ಇವರಿಗೆ ಸೊಂಟ ನೋವು, ಇವರನ್ನು ಕೆಲಸದ ಹೊತ್ತಲ್ಲಿ ಕರೆಯುವುದು ಹೇಗೆ, ಇವರು ಸತ್ತಿದ್ದಾರೆ. ನಿನ್ನ ಹೆಸರ ಮೇಲೆ ಬೆರಳು ನಿಂತಿತು. ಐದು ಗಂಟೆಯ ದಾರಿಯಲ್ಲಿರುವವಳಿಗೆ ಫೋನ್ ಮಾಡಿ ಏನು ಹೇಳಲಿ? ಆ್ಯಂಬುಲೆನ್ಸ್ ಕರೆದರೆ ಬೀದಿಯೆಲ್ಲ ಕಿಟಕಿಗೆ ಬರುತ್ತದೆ. ಕೊನೆಗೆ ಮೊಣಕೈ ಊರಿಕೊಂಡು ತೆವಳಿ ಮೆಟ್ಟಿಲು ತಲುಪಿದೆ. ಒಳಗೆ ಬಂದು ಟೀ ಮಾಡಿಕೊಂಡು ಅತ್ತೆ. ಟೀನಾ, ಬಿದ್ದದ್ದಕ್ಕಲ್ಲ ಅತ್ತದ್ದು.

ಮರುವಾರವೇ ಕೆಂಡ್ರಾ ಮತ್ತೆ ಬಂದಳು, ಎರಡನೆಯ ಸುತ್ತಿನ ಸಮೀಕ್ಷೆಗೆ. ಅವೇ ಪ್ರಶ್ನೆಗಳು. ಅರ್ಧ ಗಂಟೆಯಲ್ಲಿ ಬರುವವರು ಎಷ್ಟು ಜನ ಎಂದಾಗ, “ಸೊನ್ನೆ,” ಎಂದೆ.

ಅವಳ ಬೆರಳು ಗಾಳಿಯಲ್ಲೇ ನಿಂತಿತು. “ಸರಿಯಾಗಿ ಯೋಚ್ನೆ ಮಾಡಿ ಹೇಳಿ ಆಂಟಿ. ಈ ಊರಲ್ಲಿ ಇದುವರೆಗೂ ಯಾರೂ ಸೊನ್ನೆ ಹೇಳಿಲ್ಲ.”

“ಹಾಗಾದ್ರೆ ಯಾರೂ ನಿಜ ಹೇಳಿಲ್ಲ ಅಂತಾಯ್ತು. ಒತ್ತಮ್ಮ, ನಿನ್ನ ಯಂತ್ರದಲ್ಲಿ ಸೊನ್ನೆ ಇದೆ ತಾನೇ?”

ಆಮೇಲೆ ಅವಳು ಟ್ಯಾಬ್ಲೆಟ್ ಮುಚ್ಚಿಟ್ಟು ಒಂದು ಗಂಟೆ ಕೂತಿದ್ದಳು. ಪಾಪ, ಅವಳೂ ನಗರದಲ್ಲಿ ಒಬ್ಬಳೇ ಇರುವುದಂತೆ. ಬೀಟ್‌ರೂಟ್ ಸಾರು ಎರಡು ಬಟ್ಟಲು ಕುಡಿದಳು.

ನನಗೆ ಒಮ್ಮೆ ನಿಜ ಹೇಳಿದ ಮೇಲೆ ಚಟ ಹತ್ತಿತು. ಸೋಮವಾರ ಕೋ-ಆಪ್ ಅಂಗಡಿಯ ಕಾಫಿ ಮೇಜಿನಲ್ಲಿ, ಎಂದಿನ ಆರು ಜನರ ಮುಂದೆ, “ನಾನು ಸೊನ್ನೆ ಅಂತ ಬರೆಸಿದೆ,” ಎಂದೆ. ಎಲ್ಲರೂ ಕಪ್ಪಿನೊಳಗೆ ನೋಡಿದರು. ಮೊದಲು ಕೆಮ್ಮಿದವನು ಮುದುಕ ವಾಲ್ಟ್, ನಮ್ಮ ಬಿಳಿ ವ್ಯಾನು ಓಡಿಸುತ್ತಿದ್ದವನು. “ನಾನು ಹತ್ತು ಅಂದಿದ್ದೆ. ನಿಜ ಹೇಳ್ಬೇಕಂದ್ರೆ ಒಂದೂವರೆ.”

“ಅರ್ಧ ಯಾರಪ್ಪಾ?”

“ನನ್ನ ಮಗ. ಬರ್ತಾನೆ, ಆದರೆ ಬಂದು ಬೈತಾನೆ.”

ಅವತ್ತು ಅಲ್ಲಿ ನಗುವೂ ಆಯಿತು, ಇನ್ನೇನೋ ಕೂಡ ಆಯಿತು. ಒಬ್ಬಾಕೆ ಚೀಲದಿಂದ ಕರವಸ್ತ್ರ ಹುಡುಕುತ್ತಲೇ ಇದ್ದಳು. ವಾರದೊಳಗೆ ಹತ್ತೊಂಬತ್ತು ಜನ ಕೆಂಡ್ರಾಗೆ ಫೋನ್ ಮಾಡಿ, ನಮ್ಮ ಉತ್ತರ ತಿದ್ದಿಕೊಳ್ಳಮ್ಮ ಎಂದರಂತೆ.

ಮೊನ್ನೆ ಗುರುವಾರ ಸಭೆಯಲ್ಲಿ ನಾನೇ ಎದ್ದೆ. ಮೇಜು ಹಿಡಿದುಕೊಂಡು ನಿಂತೆ, ಬಿದ್ದ ಪೆಟ್ಟಿನಿಂದ ಎಂದು ಹೇಳಿಕೊಂಡೆ. ವ್ಯಾನು ಮತ್ತೆ ಬರಲಿ, ಮನೆಬಾಗಿಲಿಂದ ಹೆದ್ದಾರಿ ನಿಲ್ದಾಣದವರೆಗೆ ಓಡಲಿ, ಬಸ್ಸೂ ಇರಲಿ ವ್ಯಾನೂ ಇರಲಿ. ಕೊನೆಯಲ್ಲಿ ಹೇಳಿದೆ: “ಇದು ನನಗೋಸ್ಕರ. ಬೇರೆಯವರಿಗೂ ಇರಬಹುದು, ಆದರೆ ಮೊದಲು ನನಗೆ ಬೇಕು.” ನಮ್ಮ ಸಭೆಯಲ್ಲಿ ಇಂಥ ಮಾತು ಯಾರಾದರೂ ಆಡಿದ್ದಾರೆಯೇ? ಗಾರ್ತ್ ಮುಖ ಕೆಂಪಾಯಿತು. “ಅನುಮೋದಿಸೋರು?”

ಮತ್ತದೇ ಮೌನ, ಮತ್ತದೇ ಗಡಿಯಾರ. ಅವತ್ತು ನಿನಗೆ ಎಷ್ಟು ಉದ್ದವಾಗಿ ಕಂಡಿರಬಹುದು ಎಂದು ನನಗೆ ಆಗ ತಿಳಿಯಿತು. ನಾನು ಯಾರ ಮುಖವನ್ನೂ ನೋಡಲಿಲ್ಲ.

“ಯಾರೂ ಇಲ್ವಾ? ಸರಿ, ನಾನು,” ಎಂದ ಎಫ್ರೆನ್, ಆ ಪೆರೋಗಿ ತೆಗೆದುಕೊಂಡ ಧ್ವನಿಯಲ್ಲೇ. ಅವನು ಬಾಯಿ ಬಿಟ್ಟದ್ದೇ ತಡ, ಉಳಿದವರೆಲ್ಲ ನಾನೂ ನಾನೂ ಎಂದರು. ಅವಿರೋಧವಾಗಿ ಪಾಸಾಯಿತು. ಏಪ್ರಿಲ್ ಒಂದರಿಂದ ವ್ಯಾನು ಮತ್ತೆ ಓಡುತ್ತದೆ, ತಿದ್ದಿದ ಉತ್ತರಗಳನ್ನು ನೋಡಿ ಯೋಜನಾ ಕಚೇರಿಯವರು ಮೊದಲೇ ಒಪ್ಪಿದ್ದರು. ಮೂರ್ಖರ ದಿನವೇ ಆಯ್ದುಕೊಂಡಿದ್ದಾರೆ, ನಮಗೆ ಸರಿಯಾಗಿದೆ. ವಾಲ್ಟ್ ಆಗಲೇ ಟೋಪಿ ಒಗೆದಿಟ್ಟಿದ್ದಾನೆ.

ಹಾಗಾಗಿ ನೀನು ವಾಪಸು ಬಾ. ಇದು ಮೊದಲನೆಯ ಸಲ ಕೇಳುತ್ತಿರುವುದು. ನಿನ್ನ ಮನೆ ಸಿಗುವುದಿಲ್ಲ, ಅಲ್ಲಿ ಈಗ ಮೂರು ಗ್ಯಾರೇಜಿನವರು ಇದ್ದಾರೆ. ಆದರೆ ಚರ್ಚಿನ ಹಿಂದಿನ ಹಿರಿಯರ ಕಟ್ಟಡದಲ್ಲಿ ನೆಲಮಟ್ಟದ ಒಂದು ಮನೆ ಮೇ ತಿಂಗಳಿಗೆ ಖಾಲಿಯಾಗುತ್ತದೆ. ಎರಡು ಕಿಟಕಿ, ದಕ್ಷಿಣದ ಬೆಳಕು. ಹೋಗಿ ನೋಡಿ ಬಂದೆ. ಅಡುಗೆಮನೆ ಸಣ್ಣದು, ನಿನ್ನ ದೊಡ್ಡ ಪಾತ್ರೆ ಹಿಡಿಸುವುದಿಲ್ಲ, ಅದನ್ನು ನನ್ನ ಮನೆಯಲ್ಲಿ ಇಡಬಹುದು. ವ್ಯಾನು ಅದರ ಬಾಗಿಲಲ್ಲೇ ನಿಲ್ಲುತ್ತದೆ.

ನೀನು ಈಗ ‘ಬೇಡ ಬಿಡೇ, ಇಲ್ಲಿ ಚೆನ್ನಾಗಿದ್ದೀನಿ, ದೂರೋಕೇನಿಲ್ಲ’ ಎಂದು ಗೊಣಗಿದ್ದು ಕೇಳಿಸಿತು. ಎರಡನೆಯ ಸಲ ಕೇಳುತ್ತೇನೆ: ಬಾ. ಅರ್ಜಿ ತಂದಿಟ್ಟಿದ್ದೇನೆ, ನಿನ್ನ ಸಹಿ ಬೇಕು ಅಷ್ಟೆ.

ದೇವರು ನಿನ್ನ ಕಣ್ಣಲ್ಲಿ ಉಳಿದಿರುವ ಬೆಳಕನ್ನು ಹಾಗೆಯೇ ಕಾಯಲಿ. ಲೋರ್ನಾಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ. ನೆಲಮಾಳಿಗೆಯಲ್ಲಿ ಕಾಲು ಬೆಚ್ಚಗಿಟ್ಟುಕೋ. ನಾನು ಹೆಣೆದ ಬೂದು ಕಾಲುಚೀಲ ತೂತಾಗಿದ್ದರೆ ಹೇಳು, ಹೊಸದು ಹೆಣೆಯುತ್ತೇನೆ.

ನಿನ್ನ,
ಲಿಯೋನಾ

ತಾ.ಕ. ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ.

ಆ ಸೆಪ್ಟೆಂಬರಿನಲ್ಲಿ ಬೇರೆ ಯಾರೋ ಕೈ ಎತ್ತುತ್ತಾರೆ ಎಂದು ನಾನು ಕಾದು ಕೂತಿರಲಿಲ್ಲ. ನಿನ್ನ ಕಣ್ಣಿನ ವಿಷಯ ನನಗೆ ಗೊತ್ತಿತ್ತು. ಬೇಸಿಗೆಯಲ್ಲೇ ಗೊತ್ತಾಗಿತ್ತು. ನೀನು ಸಭೆಯ ಕಾಗದವನ್ನು ಓರೆ ಹಿಡಿದು ಕಣ್ಣಂಚಿನಿಂದ ಓದುತ್ತಿದ್ದೆ, ನನ್ನ ಅಮ್ಮನೂ ಹಾಗೆಯೇ ಓದುತ್ತಿದ್ದಳು. ಕಾರು ಮಾರಿದೆ ಎಂದು ನೀನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ, ನೀನು ಗಮನಿಸಿರಲಿಕ್ಕಿಲ್ಲ.

ಓರೆಸ್ಟ್ ಹೋದ ಮೇಲೆ ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಅಂಗಡಿಯ ಚೀಲ ಇಡುತ್ತಿದ್ದೆ. ಅದರ ಭಾರಕ್ಕೆ, ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಕಾರು ಕೂಗಿಕೊಳ್ಳುತ್ತಿತ್ತು, ಚೀಲಕ್ಕೆ ಬೆಲ್ಟ್ ಕಟ್ಟುತ್ತಿದ್ದೆ. ವ್ಯಾನು ನಿಂತರೆ ಟೀನಾ ನನ್ನನ್ನು ಕೇಳಲೇಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಮಂಗಳವಾರ ಅಂಗಡಿ, ಗುರುವಾರ ಡಾಕ್ಟರು, ಭಾನುವಾರ ನಿನ್ನನ್ನು ನಿನ್ನ ಚರ್ಚಿಗೆ ಬಿಟ್ಟು ನನ್ನ ಚರ್ಚಿಗೆ. ನಲವತ್ತೊಂದು ವರ್ಷದಲ್ಲಿ ನೀನು ನನ್ನನ್ನು ಒಂದು ಚಮಚ ಸಕ್ಕರೆ ಕೂಡ ಕೇಳಿದವಳಲ್ಲ. ಒಮ್ಮೆ ಕೇಳಲಿ ಎಂದುಕೊಂಡೆ. ನೀನು ನನ್ನ ಕಡೆ ತಿರುಗಿದಾಗ ನನ್ನ ಕೈ ಮೇಜಿನ ಮೇಲೆಯೇ ಇತ್ತು. ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ.

ನವೆಂಬರು ಪೂರ್ತಿ ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಿಸಿ ಮಾಡಿ ನಿನ್ನ ಫೋನಿಗೆ ಕಾದೆ. ಒಂದು ದಿನ ಹೆದ್ದಾರಿಯ ಅಂಚಿನಲ್ಲಿ ನೀನು ಕೋಲು ಊರಿಕೊಂಡು ಹೋಗುತ್ತಿದ್ದೆ. ನಿಲ್ಲಿಸಿ, “ಕಾರು ಹತ್ತೇ,” ಎಂದೆ. “ಬೇಡ, ಗಾಳಿ ಹಿತವಾಗಿದೆ,” ಎಂದೆ ನೀನು. ಮೈನಸ್ ಇಪ್ಪತ್ತೆರಡರ ಗಾಳಿ. ಇನ್ನೆರಡು ಸಲ ಕೇಳಬೇಕಿತ್ತು. ಅಷ್ಟು ಜಂಬ ಇದ್ದರೆ ನಡೆದೇ ಹೋಗಲಿ ಎಂದು ಕಾರು ಬಿಟ್ಟೆ. ಕನ್ನಡಿಯಲ್ಲಿ ನೀನು ಚಿಕ್ಕದಾಗುತ್ತ ಹೋದದ್ದು ಈಗಲೂ ಕಾಣುತ್ತದೆ. ಹತ್ತು ದಿನಕ್ಕೆ ನೀನು ಮನೆ ಮಾರಾಟಕ್ಕೆ ಹಾಕಿದೆ.

ನಿನ್ನ ಮನೆ ಹೋದದ್ದು ವರದಿಯಿಂದಲ್ಲ, ನನ್ನಿಂದ.

ಈ ಪುಟವನ್ನು ಮೊದಲು ಸಣ್ಣ ಬಾಲ್‌ಪೆನ್ನಿನಲ್ಲಿ ಬರೆದಿದ್ದೆ, ಹೇಳಿದ ಹಾಗೂ ಆಗಲಿ, ನಿನಗೆ ಓದಲಾಗದ ಹಾಗೂ ಆಗಲಿ ಎಂದು. ಅದನ್ನು ಒಲೆಗೆ ಹಾಕಿ ಇದೇ ಮಾರ್ಕರ್‌ನಲ್ಲಿ ಮತ್ತೆ ಬರೆದಿದ್ದೇನೆ.

ಇದು ಮೂರನೆಯ ಸಲ. ನನ್ನ ಕಾರು ಹತ್ತಬೇಡ, ವ್ಯಾನಿನಲ್ಲೇ ಓಡಾಡು, ನನ್ನ ಜೊತೆ ಮಾತಾಡದಿದ್ದರೂ ಸರಿ. ಬಾ.